ಜೋಡಿಯಿಲ್ಲದ ಸ್ಪೀಕರ್

ಫೋಂಡಾದ ರಾಜಮಹ್ಮದನ ಹಳೇ ಸಾಮಾನಿನ ಅಂಗಡಿಯಲ್ಲಿ ಕಂಠೆಪ್ಪ ಸ್ಪೀಕರುಗಳನ್ನು ಒಂದೊಂದಾಗಿ ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಿದ್ದ. ಟೈಲ್ಸ್ ಕೂಡಿಸುವವನ ಚಾಳಿ ಅದು. ಟೈಲ್ಸಿನ ಕೆಳಗೆ ಸಿಮೆಂಟು ತುಂಬಿದೆಯೋ ಇಲ್ಲವೋ ಎಂದು ಬಡಿದೇ ಹೇಳುವವನಿಗೆ ಒಂದು ಪೆಟ್ಟಿಗೆಯ ಹೊಟ್ಟೆ ತಿಳಿಯದೇ?

"ಹಾಡ ಹಚ್ಚಿ ಕೇಳ್ರಿ ಅಂದ್ರ ಬಾಗಲಾ ಬಡದಂಗ ಬಡ್ಯಾಕತ್ತೀರಲ್ಲ ಕಂಠೆಪ್ಪಣ್ಣ," ರಾಜಮಹ್ಮದ ನಕ್ಕ. "ಒಳಗ ಯಾರೂ ಇಲ್ರಿ."

"ಪೊಳ್ಳ ಪೆಟಗಿ ಹಾಡಿಗಿಂತ ಮೊದಲ ತಾನ ಒದರತೈತ್ರಿ," ಎಂದು ಕಂಠೆಪ್ಪ ಥಳಥಳ ಹೊಳೆಯುವ ಎರಡನ್ನು ಪಕ್ಕಕ್ಕೆ ಸರಿಸಿದ.

ಅವನಿಗೆ ಬೇಕಾದದ್ದು ಇಷ್ಟೇ: ತನ್ನ ಡಗ್ಗಾ ಕೇಳಿಸಬೇಕು. ಹದಿನಾಲ್ಕು ವರ್ಷದ ಹಿಂದೆ, ಮದುವೆಗೂ ಮೊದಲು, ಸಾಂಕೋಲೆಯ ಕೂಲಿಯವರ ಶೆಡ್ಡಿನಲ್ಲಿ ನಡೆದ ಭಜನೆಯನ್ನು ಯಾರೋ ಕ್ಯಾಸೆಟ್ಟಿಗೆ ಹಿಡಿದಿದ್ದರು. ಆ ಮೇಳಕ್ಕೆ ತಬಲಾ ಇರಲಿಲ್ಲ. ಅದರ ಎಡಗೈ ಜೋಡಿಯಾದ, ಕೆಳದನಿಯಲ್ಲಿ ಗುಂಯ್‌ಗುಡುವ ಡಗ್ಗಾ ಒಂದೇ ಇತ್ತು, ಬಾರಿಸಿದವನು ಕಂಠೆಪ್ಪ. ಆದರೆ ಮನೆಯ ಪುಟ್ಟ ಟೇಪ್ ರೆಕಾರ್ಡರಿನಲ್ಲಿ ತಾಳ ಕೇಳುತ್ತಿತ್ತು, ಹಾರ್ಮೋನಿಯಂ ಪೇಟಿ ಕೇಳುತ್ತಿತ್ತು, ಯಾರೋ ಕೆಮ್ಮಿದ್ದೂ ಕೇಳುತ್ತಿತ್ತು. ಡಗ್ಗಾ ಮಾತ್ರ ಇಲ್ಲ. ಎಲ್ಲರೂ ಸಿಡಿ ಹಾಕುವ ಕಾಲದಲ್ಲೂ ಹೆಂಡತಿ ಫಕೀರವ್ವ ಮನೆಗೆ ಬಂದವರಿಗೆಲ್ಲ ಆ ಕ್ಯಾಸೆಟ್ಟನ್ನೇ ಹಾಕುವಳು. ನಡುವೆ ಮೇಳದ ಮುದುಕ ದೇವಲಪ್ಪನ ದನಿ "ಬಾರವ್ವ, ಒಳಗ ಬಾ, ಕೂಡು" ಎಂದಾಗ, "ಅದು ನನಗ ಕರದದ್ದು! ಚಿಗವ್ವನ ಮನಿಗೆ ಬಂದಾಕಿ ಭಜನಿ ಕೇಳಾಕ ಹೋಗಿದ್ನಿ" ಎಂದು ಹಿಗ್ಗುವಳು. ಹಿಂದೆಯೇ, "ನಾನರ ಕ್ಯಾಸೆಟ್ಟಿನ್ಯಾಗ ಅದೇನಿ. ಇವರು ಬರೇ ಕೈ ಆಡಿಸಿ, ಪ್ರಸಾದ ಉಂಡ ಬಂದಾರ" ಎನ್ನುವಳು. ಎಲ್ಲರೂ ನಗುತ್ತಿದ್ದರು. ಕಂಠೆಪ್ಪನೂ ನಗುತ್ತಿದ್ದ, ಆದರೆ ಒಳಗೆ ಚುರ್ ಎನ್ನುತ್ತಿತ್ತು.

ಹೋದ ತಿಂಗಳು ಬಂಗಲೆಯೊಂದರಲ್ಲಿ ಕೆಲಸಕ್ಕಿದ್ದಾಗ ಮಾಲೀಕರು ಆಳೆತ್ತರದ ಸ್ಪೀಕರಿನಲ್ಲಿ ಹಾಡು ಹಾಕಿದ್ದರು. ಡಗ್ಗಾದ ಪೆಟ್ಟು ಕಂಠೆಪ್ಪನ ಎದೆಗೇ ಬಂದು ತಾಗಿತು. ಕೆಳಗಿನ ದನಿ ಸಣ್ಣ ಸ್ಪೀಕರಿನಲ್ಲಿ ಹೊರಗೇ ಬರುವುದಿಲ್ಲ ಎಂದು ಅವರು ಹೇಳಿದರು. ಅಂದರೆ ತನ್ನ ಡಗ್ಗಾ ಕ್ಯಾಸೆಟ್ಟಿನಲ್ಲೇ ಕೂತಿದೆ! ಆಸೆಯಿಂದ ಬೆಲೆ ಕೇಳಿದ. ಜೋಡಿಗೆ ಆರು ಲಕ್ಷ. ಕೈಯಲ್ಲಿದ್ದ ಟೈಲ್ಸು ಸ್ವಲ್ಪದರಲ್ಲಿ ಬೀಳದೆ ಉಳಿಯಿತು.

ಈಗ ಅಂಗಡಿಯ ಮೂಲೆಯಲ್ಲಿ, ಕೆಟ್ಟ ಫ್ಯಾನುಗಳ ಹಿಂದೆ, ಸೊಂಟದೆತ್ತರದ ಕರೀ ಪೆಟ್ಟಿಗೆ ಕಣ್ಣಿಗೆ ಬಿತ್ತು. ಬಡಿದ. ಪೆಟ್ಟಿಗೆ ಸದ್ದು ಮಾಡಲಿಲ್ಲ, ಬೆರಳೇ ನೊಂದಿತು. "ಇದು ನೋಡ್ರಿ, ತುಂಬಿದ ಮಾಲು!"

"ವಿಲಾಯತಿ ಮಾಲ್ರಿ ಅದು, ಹೋಟೆಲ್ಲಿನವರು ಮಾರಿದ್ದು. ಆದ್ರ ಅದರ ಜೋಡಿದು ಬಿದ್ದ ಒಡದ ಹೋಗೇತಿ. ಒಂಟಿ ಸ್ಪೀಕರ್ ಯಾರ ಒಯ್ತಾರ? ಎರಡ ವರ್ಷಾತು, ಇಲ್ಲೇ ಕುಂತೈತಿ."

"ನಮ್ಮ ಡಗ್ಗಾಕ್ಕೂ ತಬಲಾ ಇರಲಿಲ್ರಿ. ಒಂದ ಮೈಕಿನ್ಯಾಗ ಹಿಡದ ಭಜನಿಗೆ ಇದೊಂದ ಸಾಕು. ಏನ್ ಕೊಡ್ಲಿ ಹೇಳ್ರಿ."

ರಾಜಮಹ್ಮದ ಅಂಗಡಿಯ ಕಿತ್ತುಹೋದ ನೆಲ ತೋರಿಸಿದ. "ಇದಕ್ಕ ಟೈಲ್ಸ್ ಕೂಡಿಸಿ ಕೊಡ್ರಿ. ಟೈಲ್ಸ್ ನಂದು, ಕೈ ನಿಮ್ಮದು. ಒಂದ ಹಳೇ ಆಂಪ್ಲಿಫೈಯರ್ ಮ್ಯಾಲೆ ಕೊಡ್ತೀನಿ. ಪೊಳ್ಳ ಬಿಟ್ಟೀರಿ ಮತ್ತ, ನಾನೂ ಬಡದ ನೋಡಾಂವ!"

ಎರಡು ಭಾನುವಾರದ ಕೆಲಸ ಮುಗಿಸಿ ಕಂಠೆಪ್ಪ ಮನೆ ಮುಂದೆ ಟೆಂಪೋದಿಂದ ಸ್ಪೀಕರ್ ಇಳಿಸಿದಾಗ ಫಕೀರವ್ವ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. "ಏನ್ರಿ ಇದು, ಕಪಾಟ ತಂದೀರಿ, ಬಾಗಲಾನ ಇಲ್ಲ?" ಅವನು ವೈರು ಜೋಡಿಸಿ ಕ್ಯಾಸೆಟ್ ಹಾಕಿದ. ತಾಳ ಬಂತು, ಪೇಟಿ ಬಂತು. ಅವುಗಳ ಅಡಿಯಿಂದ ಮೆಲ್ಲಗೆ, ಗುಂಯ್... ಗುಂಯ್. ಗೂಡಿನಲ್ಲಿದ್ದ ಸ್ಟೀಲ್ ಲೋಟಗಳು ಅದುರಿದವು.

"ಕೇಳಿದೇನ? ನಾನ ಅದು! ಖರೇ ನಾನ!" ಎಂದ ಕಂಠೆಪ್ಪ. ಇಷ್ಟು ವರ್ಷದ ನಗೆಚಾಟಿಕೆ ಒಂದೇ ಏಟಿಗೆ ತೀರಿತ್ತು. ಫಕೀರವ್ವ ಬಿಟ್ಟ ಬಾಯಿ ಮುಚ್ಚಿಕೊಂಡು, ಅಷ್ಟು ಸುಲಭಕ್ಕೆ ಸೋಲುವವಳಲ್ಲವಾದ್ದರಿಂದ, ತಪ್ಪು ಹುಡುಕಲು ಕಿವಿಗೊಟ್ಟು ಕೂತಳು. ಎಲ್ಲಿಯೂ ತಪ್ಪಿಲ್ಲ. ಗಡಿಯಾರದ ಹಾಗೆ ನಡೆದಿತ್ತು ಡಗ್ಗಾ.

"ಬಾರವ್ವ, ಒಳಗ ಬಾ, ಕೂಡು," ಎಂದಿತು ದೇವಲಪ್ಪನ ದನಿ.

ಡಗ್ಗಾ ಗಪ್ಪನೆ ನಿಂತಿತು. ತಾಳ ಮುಂದೆ ಹೋಯಿತು, ಪೇಟಿ ಹೋಯಿತು, ಹಾಡುವವರೂ ಹೋದರು, ಡಗ್ಗಾ ಇಲ್ಲ. ಎಷ್ಟೋ ಹೊತ್ತಿನ ಮೇಲೆ ತಡವರಿಸುತ್ತ ಓಡಿ ಬಂದು ಮೇಳವನ್ನು ಕೂಡಿಕೊಂಡಿತು.

"ಸಿಕ್ರಿ ನೋಡ್ರಿ!" ಫಕೀರವ್ವ ಚಪ್ಪಾಳೆ ತಟ್ಟಿದಳು. "ಚಲೋ ಹೊಂಟಿತ್ತಲ್ಲ, ಅಲ್ಲಿ ಕೈಗೆ ಏನ್ ಆಗಿತ್ರಿ?"

ಕಂಠೆಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಸ್ಪೀಕರಿನ ಧೂಳು ಒರೆಸತೊಡಗಿದ. "ಕೈಗೆ ಏನೂ ಆಗಿದ್ದಿಲ್ಲ. ಬಾಗಲ ಕಡೆ ನೋಡಾಕತ್ತಿದ್ನಿ."

ಫಕೀರವ್ವನ ಕೈಗಳು ಚಪ್ಪಾಳೆಯ ಅರ್ಧಕ್ಕೇ ನಿಂತವು. ಆಮೇಲೆ ಕ್ಯಾಸೆಟ್ಟನ್ನು ಹಿಂದಕ್ಕೆ ಓಡಿಸಿದಳು. ಅಂದು ಒಟ್ಟು ಏಳು ಸಲ ಓಡಿಸಿದಳು. ಏಳು ಸಲವೂ ಡಗ್ಗಾ ನಿಲ್ಲುವ ಜಾಗ ಬಂದಾಗ ಆ ದೊಡ್ಡ ಸ್ಪೀಕರಿಗೆ ಕಿವಿ ಹಚ್ಚಿ ಕೂತಳು.