ಸಾಕು ಎನ್ನದ ಪಾದ್ರಿ

ಘಟ್ಟದ ಮೇಲಿಂದ ಬಂದ ಹೊಸ ಪಾದ್ರಿಗೆ ಮೀನಿನ ವಾಸನೆಯೇ ಆಗದು. ಬಂದದ್ದು ಮಾತ್ರ ಹೊಳೆಯ ನಡುವಿನ ದ್ವೀಪಕ್ಕೆ, ಮೀನಿಲ್ಲದೆ ಒಲೆ ಉರಿಯದ ಕುದ್ರುವಿಗೆ. ದೋಣಿಯವನ ಹೆಂಡತಿ ದಿನಾ ಮಧ್ಯಾಹ್ನ ಮನೆಗೆ ಕರೆದು ಉಣಬಡಿಸುತ್ತಿದ್ದಳು. ಬೇಡವೆಂದರೆ ಬಡವರು ನೊಂದುಕೊಳ್ಳುತ್ತಾರೆ ಎಂದು ಹಿರಿಯ ಪಾದ್ರಿಗಳು ಹೇಳಿ ಕಳಿಸಿದ್ದರು. ನೆಂಟ ಸಾಕೆನ್ನುವ ತನಕ ಬಡಿಸುವುದು ಕುದ್ರುವಿನ ವಾಡಿಕೆ. ಹೀಗಾಗಿ ಮಡಕೆಯ ತಳ ಕಾಣುವ ತನಕ ಆಕೆ ಬಡಿಸುತ್ತಿದ್ದಳು, ಇವರು ಉಸಿರು ಬಿಗಿಹಿಡಿದು ನುಂಗುತ್ತಿದ್ದರು. ಒಳಬಾಗಿಲ ಮರೆಯಿಂದ ಮಕ್ಕಳು ಒಂದೊಂದು ತುತ್ತನ್ನೂ ನೋಡುತ್ತಿದ್ದವು. ತಮ್ಮ ಹೇಸಿಗೆ ಅವಕ್ಕೆ ಗೊತ್ತಾಗಿದೆಯೇನೋ ಎಂದು ಪಾದ್ರಿಗಳಿಗೆ ಒಳಗೊಳಗೇ ನಾಚಿಕೆ.

ಇವತ್ತು ಮಾತ್ರ ಆಗಲಿಲ್ಲ. ಎರಡನೇ ಸಲ ಸೌಟು ಬಂದಾಗ ತಟ್ಟೆಗೆ ಕೈ ಅಡ್ಡ ಹಿಡಿದರು.

"ಸಾಕಮ್ಮ."

ಆಕೆಯ ಸೌಟು ಅಲ್ಲೇ ನಿಂತಿತು. "ಎಂತಾಯ್ತು ಫಾದರ್? ಸಾರು ಸರಿಯಾಗ್ಲಿಲ್ವಾ?"

"ಸಾರು ಚೆನ್ನಾಗಿದೆ. ನನಗೇ ಸೇರ್ತಿಲ್ಲ. ದಯವಿಟ್ಟು ಬೇಜಾರು ಮಾಡ್ಕೋಬೇಡಿ."

"ಮಡಕೇಲಿ ಇನ್ನೂ ಉಂಟಲ್ಲ ಫಾದರ್. ನಿಜವಾಗಿಯೂ ಬೇಡ್ವಾ?"

"ಬೇಡಮ್ಮ."

ಆಕೆ ಮಡಕೆ ಎತ್ತಿಕೊಂಡು ಒಳಗೆ ಹೋದಳು. ಉಣ್ಣಿಸಿದ ಕೈಯನ್ನೇ ನೋಯಿಸಿದೆನಲ್ಲ ಎಂದು ಪಾದ್ರಿಗಳು ತಲೆ ತಗ್ಗಿಸಿ ಕೂತರು.

ಒಳಗಿನಿಂದ ಆಕೆಯ ಪಿಸುದನಿ ಕೇಳಿಸಿತು.

"ಬನ್ನಿ ಮಕ್ಳೇ, ಇವತ್ತು ನಮಗೂ ಊಟ ಉಂಟು."