ಗುರ್ ಅನ್ನದ ಜಾಯ್‌ಸ್ಟಿಕ್

ಚಿಕ್ಕ ಸೊಸೆಯ ಕೈಯಲ್ಲಿ ಜಾಯ್‌ಸ್ಟಿಕ್ ಮತ್ತೆ ಗುರ್ ಎಂದು ನಡುಗಿತು. ಅವಳು ಕಿಲಕಿಲ ನಕ್ಕಳು. ದೊಡ್ಡ ಸೊಸೆಯ ಕೈಯಲ್ಲಿದ್ದದ್ದು ಕಲ್ಲಿನಂತೆ ಸುಮ್ಮನಿತ್ತು. ಎರಡೂ ಒಂದೇ ಅಂಗಡಿಯ, ಕಂಪನಿಯ ಹೆಸರೂ ಇಲ್ಲದ ಅಗ್ಗದ ಮಾಲು. ಕಾರ್ ರೇಸಿನ ಆಟದಲ್ಲಿ ಪ್ರತಿ ಸಲ ಗೆದ್ದು ಪರದೆಯ ಮೇಲೆ ಕಪ್ ಪಡೆಯುತ್ತಿದ್ದವಳು ದೊಡ್ಡವಳೇ. ಆದರೂ ಆ ಗುರ್ ಕೇಳಿದಾಗಲೆಲ್ಲ ಅವಳ ಹೊಟ್ಟೆ ಉರಿಯುತ್ತಿತ್ತು.

"ಊರವರ ಕಂಪ್ಯೂಟರೆಲ್ಲ ರಿಪೇರಿ ಮಾಡ್ತೀರಿ, ಹೆಂಡ್ತಿದು ಮಾತ್ರ ಕಣ್ಣಿಗೆ ಬೀಳಲ್ಲ," ಎಂದು ಗಂಡನ ಮೇಲೆ ಹರಿಹಾಯ್ದಳು. "ನಿಮ್ಮ ತಮ್ಮನ್ನ ನೋಡಿ ಕಲೀರಿ. ಹೆಂಡ್ತಿಗೆ ಅಂತ ಜಾಯ್‌ಸ್ಟಿಕ್ ನಡೆಸೋ ಸಾಫ್ಟ್‌ವೇರು, ಅದೇ ಡ್ರೈವರ್, ಹಾಕಿಕೊಟ್ಟಿದಾನೆ."

"ಒಂದ್ಸಲ ಹಾಕಿದ್ರೆ ಎರಡಕ್ಕೂ ಆಗುತ್ತೆ ಕಣೇ," ಎಂದು ಗಂಡ ಹೇಳಿದರೂ ಅವಳು ಬಿಡಲಿಲ್ಲ. ಅವನು ಹಳೆಯ ಡ್ರೈವರ್ ತೆಗೆದು, ಮತ್ತೆ ಹಾಕಿ, ಟೆಸ್ಟ್ ಬಟನ್ ಒತ್ತಿದ. ಅವಳ ಕೈಯಲ್ಲೂ ಗುರ್ ಎಂದಿತು. ಆಮೇಲೆ ಆಟ ಶುರುವಾಯಿತು; ಎರಡು ಸುತ್ತು ಮುಗಿದರೂ ಅದು ಉಸಿರೆತ್ತಲಿಲ್ಲ.

"ಮತ್ತೆ ಸತ್ತೋಯ್ತಲ್ಲ ಇದು!"

"ಸತ್ತಿಲ್ಲ ಅಕ್ಕ," ಎಂದಳು ಹಿಂದೆ ಬಿದ್ದಿದ್ದ ಚಿಕ್ಕವಳು. "ಗೋಡೆಗೆ ಗುದ್ದಿದ್ರೆ ಮಾತ್ರ ನಡುಗೋದು. ನೀವೆಲ್ಲಿ ಗುದ್ತೀರಾ?"

ಗೆಲುವಿನ ಗೆರೆ ಕಣ್ಣೆದುರೇ ಇತ್ತು. ದೊಡ್ಡವಳು ಕಾರು ತಿರುಗಿಸಿ ಬೇಕೆಂದೇ ಗೋಡೆಗೆ ಗುದ್ದಿದಳು. ಗುರ್! ನಡುಕ ಮೊಣಕೈವರೆಗೆ ಏರಿದ ಖುಷಿಗೆ ಕಣ್ಣು ಮುಚ್ಚಿದಳು. ತೆರೆದಾಗ ಪರದೆಯ ಮೇಲೆ ಚಿನ್ನದ ಕಪ್ ಹೊಳೆಯುತ್ತಿತ್ತು. ಅದರ ಕೆಳಗೆ ಚಿಕ್ಕವಳ ಹೆಸರಿತ್ತು.

ದೊಡ್ಡವಳು ಅದನ್ನೇ ಅಳೆಯುವಂತೆ ನೋಡಿದಳು. "ಅದ್ಯಾಕೆ," ಎಂದಳು ಗಂಡನತ್ತ ತಿರುಗಿ, "ಇವಳ ಕಪ್ ನನ್ನದಕ್ಕಿಂತ ದೊಡ್ಡದಾಗಿದೆ?"