ಮುಟ್ಟಿ ಹೇಳುವ ಆಟ

ಪಾರ್ಕಿನ ಪ್ರಕೃತಿ ಕೇಂದ್ರದಲ್ಲಿ ವಸಂತ ಶಿಬಿರದ ಕೊನೆಯ ದಿನ. ತೆಂಗಿನ ಚಿಪ್ಪು, ನಾರು ಸೇರಿಸಿ ಮಕ್ಕಳೆಲ್ಲ ಒಂದು ಹಕ್ಕಿಗೂಡು ಮಾಡಿದ್ದರು. ಆಟದಲ್ಲಿ ಗೆದ್ದವರು ಅದನ್ನು ಮನೆಗೆ ಒಯ್ಯಬಹುದು.

ಆಟ ಇಷ್ಟೇ. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಹತ್ತು ಮರಗಳ ತೊಗಟೆ ಮುಟ್ಟಬೇಕು, ಯಾವ ಮರವೆಂದು ಹೇಳಬೇಕು. ಹುಟ್ಟಿನಿಂದಲೇ ಕಣ್ಣು ಕಾಣದ ಹುಡುಗಿಯೊಬ್ಬಳು ತನ್ನ ಸರದಿ ಬಂದಾಗ ಮುಖ ಮುಂದೆ ಚಾಚಿದಳು.

"ನನಗೂ ಕಟ್ಟಿ ಟೀಚರ್."

"ನಿನಗ್ಯಾಕೆ ಪುಟ್ಟಿ?" ಟೀಚರ್ ನಕ್ಕರು.

ಉಳಿದ ಮಕ್ಕಳು ಮೂರೋ ನಾಲ್ಕೋ ಮರ ಹೇಳಿ ಸೋತಿದ್ದರು. ಅವಳು ಹೊಂಗೆ, ಬೇವು, ನೇರಳೆ ಎನ್ನುತ್ತ ಹತ್ತನ್ನೂ ಹೇಳಿಬಿಟ್ಟಳು. ಗೂಡು ಇನ್ನೇನು ಅವಳ ಕೈಸೇರಬೇಕು, ಅಷ್ಟರಲ್ಲಿ ಒಬ್ಬ ಹುಡುಗನ ತಾಯಿ ಎದ್ದು ಬಂದರು.

"ನಮ್ಮ ಮಕ್ಕಳಿಗೆಲ್ಲ ಕಟ್ಟಿದ್ರಿ. ಆ ಮಗೂಗೆ ಏನೂ ಕಟ್ಲಿಲ್ಲ."

"ಅವಳಿಗೆ ಕಣ್ಣು ಕಾಣಲ್ಲ ಮೇಡಂ."

"ನಾನೂ ಅದನ್ನೇ ಹೇಳ್ತಿರೋದು. ಅವಳಿಗೆ ದಿನಾ ಇದೇ ಅಭ್ಯಾಸ. ಇವತ್ತೊಂದಿನ ಕಣ್ಣು ಮುಚ್ಕೊಂಡ ನಮ್ಮ ಮಕ್ಕಳು ಹೇಗೆ ಗೆಲ್ತಾರೆ? ಇಲ್ಲಿ ಎಲ್ಲರೂ ಸಮ ಅಂತ ಗೇಟಲ್ಲಿ ನೀವೇ ಬೋರ್ಡ್ ಹಾಕಿದೀರಲ್ಲ."

ಬೇರೆ ತಾಯಂದಿರೂ ಹೌದೆಂದು ತಲೆಯಾಡಿಸಿದರು. ಟೀಚರ್ ಗೂಡನ್ನು ತಿರುಗಿ ಮೇಜಿನ ಮೇಲಿಟ್ಟರು. ಆಟ ಮತ್ತೊಮ್ಮೆ ಆಗಲಿ ಎಂದರು. ಬಟ್ಟೆ ತೆಗೆದುಕೊಂಡು ಮೊದಲು ಆ ಹುಡುಗಿಯ ಹತ್ತಿರವೇ ಬಂದರು.

ಬಟ್ಟೆ ಕೊಡವಿದ ಸದ್ದಿಗೆ ಅವಳ ಮುಖ ಅರಳಿತು. "ಈ ಸಲ ನನಗೂ ಕಟ್ತೀರಾ ಟೀಚರ್?"

"ಹೂಂ ಪುಟ್ಟಿ. ಎರಡೂ ಕೈ ಬೆನ್ನ ಹಿಂದೆ ಇಟ್ಕೋ."